ಕಸೆರೀಯಕ್ಕೆ ಒಂದು ಡಬ್ಬಿ ಪುಳಿಯೋಗರೆ

೨೦೦೬, ನವೆಂಬರ್ ೧೧, ಶನಿವಾರ. ಬೆಳಿಗ್ಗೆ ಆರು ಇಪ್ಪತ್ತು. ಆಸ್ಟಿನ್.

ಅಮ್ಮ ಹ್ಯೂಸ್ಟನ್ ಬಳಿಯ ಸ್ಟಾಫರ್ಡಿನ ಅಂಗಡಿಯಿಂದ ತಂದುಕೊಟ್ಟ ಇಂಗಿನ ಡಬ್ಬಿಯನ್ನು ಈಗಷ್ಟೇ ತೆರೆದೆ. ಅಡುಗೆಮನೆ ಮಾಯವಾಗಿ, ಮಂಜು ಕವಿದ ಹುಲ್ಲುಗಾವಲೊಂದು ಬಂದು ನಿಂತಿತು. ಇಂಗಿಗೂ ಹುಲ್ಲುಗಾವಲಿಗೂ ಏನು ನಂಟು ಎನ್ನುತ್ತೀರಾ? ನಡುವೆ ಒಂದು ಸ್ಪ್ಯಾನಿಷ್ ಪದವಿದೆ: ಕಸೆರೀಯ. ನಿಘಂಟಿನ ಪ್ರಕಾರ ಬೇಟೆ, ಬೇಟೆಗೆ ಹೊರಡುವುದು. ನಾನು ಕಲಿತದ್ದು ನಿಘಂಟಿನಿಂದಲ್ಲ.

ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ರಮೀರೊ ಅಂಕಲ್ ನಮ್ಮ ಪಕ್ಕದ ಮನೆಯವರು. ನವೆಂಬರ್ ಬಂತೆಂದರೆ, ನಮ್ಮವರು ತವರಿಗೆ ಹೊರಟೆ ಎನ್ನುವ ದನಿಯಲ್ಲಿ ಬೇಲಿಯಾಚೆಯಿಂದ ಆ ಪದ ಹೇಳುತ್ತಿದ್ದರು. ೧೯೯೯ರ ಹೊತ್ತಿಗೆ, ಕತ್ತಲಲ್ಲಿ ಡ್ರೈವ್ ಮಾಡಲು ಅವರ ಕಣ್ಣು ಸಾಲದಾಗಿತ್ತು. ಮರುವರ್ಷದ ಕೊನೆಗೆ ಡಲ್ಲಾಸಿಗೆ, ಮಗಳ ಮನೆಗೆ ಶಿಫ್ಟ್ ಆಗುವವರಿದ್ದರು. ಅಷ್ಟರೊಳಗೆ ಕೊನೆಯದಾಗಿ ಒಂದು ಜಿಂಕೆ, ಅದೊಂದೇ ಆಸೆ. ಹೊಸದಾಗಿ ಲೈಸೆನ್ಸ್ ಪಡೆದಿದ್ದ ನನ್ನನ್ನು ಕರೆದರು. ಅಮ್ಮ ಬಹಳ ಹೊತ್ತು ಯೋಚಿಸಿ ಪುಳಿಯೋಗರೆ ಕಟ್ಟಿಕೊಟ್ಟರು.

"ಕಾರ್ ಓಡ್ಸು, ಅಷ್ಟೇ. ಕೋವಿ ಮುಟ್ಟಿದ್ರೆ ಮನೆಯೊಳಗೆ ಸೇರ್ಸಲ್ಲ."

ಕತ್ತಲಲ್ಲೇ ಕಾರ್ ಓಡಿಸಿಕೊಂಡು ಹೋಗಿ, ಹುಲ್ಲುಗಾವಲಿನಲ್ಲಿದ್ದ ಹಲಗೆಯ ಅಟ್ಟಣೆ ಹತ್ತಿ ಬೆಳಕಿಗಾಗಿ ಕಾದೆವು. ಜಿಂಕೆಗೆ ವಾಸನೆ ಹತ್ತಬಾರದೆಂದು ಅಂಕಲ್ ಎರಡು ದಿನದಿಂದ ಘಮಘಮಿಸುವ ಸೋಪು ಮುಟ್ಟಿರಲಿಲ್ಲವಂತೆ. ಹಸಿವಾಗಿ ನಾನು ಡಬ್ಬಿ ತೆರೆದೆ. ಇಂಗಿನ ಪರಿಮಳ ಗಾಳಿಯ ಕೈಹಿಡಿದು ನಿಧಾನವಾಗಿ ಮರಗಳ ಅಂಚಿನವರೆಗೆ ನಡೆದುಹೋಯಿತು. ಅಲ್ಲಿ ಮಂಜಿನಲ್ಲಿ ಎದ್ದಿದ್ದ ಎರಡು ಕಿವಿಗಳು ಕರಗಿಹೋದವು. ಆ ದಿನದ ನನ್ನ ದಿನಚರಿಯಲ್ಲಿ ಹೀಗಿದೆ: ಕಿವಿ ಎರಡು, ಜಿಂಕೆ ಸೊನ್ನೆ.

ಅಂಕಲ್ ಕೋವಿಯನ್ನು ಮೂಲೆಗೊರಗಿಸಿ ಡಬ್ಬಿಗೆ ಕೈಚಾಚಿದರು. ಬೇಟೆ ಹಾಳುಮಾಡಿದೆ, ಸಾರಿ ಎಂದೆ. ಅವರ ಇಂಗ್ಲಿಷ್ ನನ್ನ ನೆನಪಿನಲ್ಲಿ ಕನ್ನಡವಾಗಿಬಿಟ್ಟಿದೆ: "ಹಾಳೇನಾಯ್ತು? ಕಾದ್ವಿ. ಅದು ಬಂತು, ನಮ್ಮನ್ನ ನೋಡ್ತು, ಹೋಯ್ತು. ಇದೂ ಕಸೆರೀಯಾನೇ."

ಸಮಾಧಾನಕ್ಕೆ ಹೇಳಿದ್ದೆಂದುಕೊಂಡೆ. ಆದರೆ ಮರುವರ್ಷ, ಅವರ ಕೊನೆಯ ನವೆಂಬರಿನಲ್ಲಿ, ಬೇಟೆಗೆ ಹೊರಡುವ ಹಿಂದಿನ ಸಂಜೆ ನಮ್ಮ ಬಾಗಿಲಿಗೆ ಬಂದು, ಅದೇ ಅನ್ನ ಬೇಕೆಂದರು. ಹಾಗಾದರೆ ಜಿಂಕೆ ಬರುವುದಿಲ್ಲವಲ್ಲ ಎಂದು ಅಮ್ಮ ಕೇಳಿದರು. ಅಂಕಲ್ ಟೋಪಿ ತೆಗೆದು ನಕ್ಕರು. ಮಾರನೆಯ ದಿನ ಅಟ್ಟಣೆ ಹತ್ತಿದ ಕೂಡಲೇ, ಇನ್ನೂ ಬೆಳಕಾಗುವ ಮೊದಲೇ, ಡಬ್ಬಿ ತೆರೆದವರು ಅವರೇ.

ಈಗ ಅವರಿಗೆ ಕಾಣುವುದು ಬೆಳಕು, ನೆರಳು ಮಾತ್ರ. ನಿನ್ನೆ ಡಲ್ಲಾಸಿನಿಂದ ಫೋನ್ ಮಾಡಿ, ಕಸೆರೀಯಕ್ಕೆ ಬಾ ಎಂದರು. ಮಗಳ ಮನೆಯ ಹಿತ್ತಿಲಲ್ಲಿ ಎರಡು ಕುರ್ಚಿಗಳಿವೆಯಂತೆ. ದಿನಚರಿಯ ಇವತ್ತಿನ ಪುಟದಲ್ಲಿ ಜಿಂಕೆ ಲೆಕ್ಕಕ್ಕೆಂದು ಸಾಲು ಬಿಟ್ಟಿಲ್ಲ. ಪುಳಿಯೋಗರೆಯ ಒಗ್ಗರಣೆಗೆ ಇಂಗು ಮಾತ್ರ ಒಂದು ಚಿಟಿಕೆ ಹೆಚ್ಚೇ ಹಾಕಿದೆ.

ಕೋವಿಯಿಲ್ಲದೆ, ಕಾಡಿಲ್ಲದೆ, ಇಬ್ಬರು ಕುಳಿತು ಕಾಯುವುದಕ್ಕೂ ಸ್ಪ್ಯಾನಿಷಿನಲ್ಲಿ ಈ ಪದ ಸಲ್ಲುತ್ತದೆಯೇ? ಬಲ್ಲವರು ಬರೆದು ತಿಳಿಸಿ. ಉತ್ತರ ಬರುವವರೆಗೆ ನಾನು ಅಂಕಲ್ ಮಾತನ್ನೇ ನಂಬಿರುತ್ತೇನೆ.