ಒಂಟಿಕಾಲಿನ ಗಣಪಯ್ಯಾಚಾರರು

ಗಣಪಯ್ಯಾಚಾರರನ್ನು ನೆನೆದರೆ ಮೊದಲು ಕಣ್ಣೆದುರು ಬರುವುದು ಅವರ ಬಲ ಮೊಣಕಾಲು. ಬೈಂದೂರಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ, ರೇಷನ್ ಅಂಗಡಿಯ ಸಾಲಿನಲ್ಲಿ, ಕೊನೆಗೆ ಸಾವಿನ ಮನೆಯ ಅಂಗಳದಲ್ಲೂ ಅವರು ಎಡಗಾಲಿನ ಮೇಲೆ ನಿಂತು, ಬಲ ಪಾದವನ್ನು ಎಡ ತೊಡೆಗೆ ಒತ್ತಿ, ಮೊಣಕಾಲನ್ನು ಪಕ್ಕಕ್ಕೆ ಚಾಚಿಬಿಡುತ್ತಿದ್ದರು. ಅದು ತಾಗಿ ಎಷ್ಟೋ ಜನರ ಕೈಚೀಲ ಬಿದ್ದಿದೆ. ನನ್ನದೇ ಎರಡು ಸಲ. ಒಂದು ಸಲ ಅದರಲ್ಲಿ ಮೊಟ್ಟೆ ಇತ್ತು. ಒಡೆದ ಮೊಟ್ಟೆಯನ್ನು ನೋಡಿ ಅವರು ಕೇಳಿದ್ದು ಇಷ್ಟೇ: "ನಿಮ್ದ್ ಎರಡೂ ಕಾಲ್ ನೆಲದ್ ಮೇಲೇ ಇತ್ತಲ್ದಾ ಟೀಚ್ರೆ, ಮತ್ತೆಂತಕೆ ಬಿತ್ತ್?" ಹೀಗೆ ಕೇಳುವ ಮನುಷ್ಯನ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ನನಗೆ ಹುಟ್ಟಿತು, ಆದರೆ ಬಹಳ ತಡವಾಗಿ.

ಅವರು ಬಡಗಿ. ಪ್ರಾಯದಲ್ಲಿ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುತ್ತಿದ್ದರಂತೆ. ಆ ಕಾಲದಲ್ಲಿ ಸಾಸ್ತಾನದಲ್ಲಿ ಯಾರೋ ಹತ್ತು ದಿನದ ಯೋಗ ಶಿಬಿರ ನಡೆಸಿದರು. ಆಚಾರರು ಹೋದದ್ದು ಮೂರು ದಿನ. ಮೂರನೆಯ ದಿನ ವೃಕ್ಷಾಸನ ಹೇಳಿಕೊಟ್ಟರು, ನಾಲ್ಕನೆಯ ದಿನದಿಂದ ಇವರು ಹೋಗಲಿಲ್ಲ. "ಒಂದ್ ಸಮಾ ಬಂದ್ರೆ ಸಾಕಲ್ದಾ? ಹತ್ತ್ ಕಲ್ತ್ ಎಂತ ಮಾಡೂದ್?" ಎನ್ನುತ್ತಿದ್ದರು. ನಾನು ಕಾಣುವ ಹೊತ್ತಿಗೆ ಅರವತ್ತು ದಾಟಿತ್ತು. ದೋಣಿ ಕೆಲಸ ಬಿಟ್ಟು ಊರಿಗೆ ಬಂದು ಬಾಗಿಲು, ಕಿಟಕಿ ಅಂತ ಮಾಡಿಕೊಂಡಿದ್ದರು.

ನಮ್ಮ ಊರು ಬೈಂದೂರಿನಿಂದ ಒಳಗೆ, ಒಂದು ತೋಡಿನ ಎರಡು ದಡಕ್ಕೆ ಹಂಚಿಹೋದ ಊರು. ನನ್ನ ಮನೆ ಈಚೆ. ನಾನು ಟೀಚರಾಗಿದ್ದ ಅಂಗನವಾಡಿ ಆಚೆ. ಮಕ್ಕಳೆಲ್ಲ ಆಚೆ ದಡದವರೇ ಆದ್ದರಿಂದ ದಾಟುವ ಕಷ್ಟ ನನಗೊಬ್ಬಳಿಗೆ. ಮಳೆಗಾಲದಲ್ಲಿ ಇದ್ದ ಹತ್ತಿರದ ದಾರಿ ಕಾಲುಸಂಕ ಒಂದೇ: ಜೋಡಿಸಿ ಹಾಕಿದ ಎರಡು ತೆಂಗಿನ ಕಾಂಡ, ಪಕ್ಕದಲ್ಲಿ ಹಿಡಿದುಕೊಳ್ಳಲು ಬಿದಿರಿನ ಕೈತಾಂಗು. ಪ್ರತಿ ಬೇಸಗೆಯ ಕೊನೆಗೆ ಅದನ್ನು ಹೊಸದಾಗಿ ಹಾಕುವುದು ಗಣಪಯ್ಯಾಚಾರರ ಕೆಲಸ. ಪಂಚಾಂಗ ನೋಡದೆ ಅವರು ಬಿದಿರಿಗೆ ಕತ್ತಿ ಹಾಕುತ್ತಿರಲಿಲ್ಲ. "ಬೆಳ್ದಿಂಗಳ ಪಕ್ಷದಗೆ ಕಡ್ದ ಬಿದ್ರಿಗೆ ಹುಳ ಹೊಡಿತ್ತ್. ಕಡುದಾರೆ ಕತ್ತಲೆ ಪಕ್ಷದಗೇ ಕಡಿಕ್," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಎರಡು ಸಾವಿರದ ಮೂರರ ಜುಲೈಯಲ್ಲಿ ಒಂದು ಬೆಳಿಗ್ಗೆ ನಾನು ಸಂಕದ ನಡುವೆ ಇದ್ದಾಗ ಆ ಕೈತಾಂಗು ಲಟಕ್ಕನೆ ಮುರಿಯಿತು. ತೋಡಿಗೆ ಬಿದ್ದೆ. ನೀರು ಸೊಂಟದ ಮಟ್ಟಕ್ಕಿದ್ದುದರಿಂದ ಜೀವ ಉಳಿಯಿತು. ಬಲಗಾಲಿನ ಹರಡು ಕಲ್ಲಿಗೆ ಬಡಿದು ಮುರಿಯಿತು. ಕುಂದಾಪುರದಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಎರಡು ತಿಂಗಳು ಮನೆಯಲ್ಲಿ ಬಿದ್ದುಕೊಂಡೆ. ನೋಡಲು ಬಂದವರೆಲ್ಲ ನನ್ನ ಕಾಲನ್ನು ಬಿಟ್ಟು ನನ್ನ ಗಾತ್ರವನ್ನು ನೋಡಿದರು. "ಆ ಬಿದ್ರಾರೂ ಎಷ್ಟ್ ಭಾರ ತಡ್ಕಂತ್ತ್ ಪಾಪ," ಎಂದರು ನಮ್ಮ ಅತ್ತೆ, ನಗುತ್ತ. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಕೂತುಬಿಟ್ಟಿತು. ಅಂದಿನಿಂದ ರಾತ್ರಿ ಅನ್ನ ಬಿಟ್ಟೆ.

ಕಾಲು ಸರಿಯಾದರೂ ಸಂಕದ ಮೇಲೆ ಹೆಜ್ಜೆ ಇಡಲು ಆಗಲಿಲ್ಲ. ರಸ್ತೆಯಲ್ಲಿ ಸುತ್ತಿ ಹೋದರೆ ಒಂದೂವರೆ ತಾಸು. ಅಂಗನವಾಡಿಯ ಬಾಗಿಲು ತೆಗೆಯುವ ಹೊತ್ತಿಗೆ ಮಕ್ಕಳು ಕಾದು ಮನೆಗೆ ಹೋಗಿರುತ್ತಿದ್ದರು. ತಪಾಸಣೆಗೆ ಬರುವ ಸೂಪರ್‌ವೈಸರ್ ಮೇಡಂ ಮುಖಕ್ಕೇ ಹೇಳಿದರು, ಮುಂದಿನ ಮಳೆಗಾಲವೂ ಹೀಗೇ ಆದರೆ ಆಚೆ ದಡದ ಯಾರನ್ನಾದರೂ ನೋಡಬೇಕಾಗುತ್ತದೆ ಎಂದು. ಗಂಡ ಮುಂಬೈಯ ಹೋಟೆಲಿನಲ್ಲಿ, ಮನೆಯಲ್ಲಿ ನಾನು ಮತ್ತು ಅತ್ತೆ. ಇದು ನನ್ನದು ಎಂದು ಹೇಳಿಕೊಳ್ಳಲು ನನಗಿದ್ದದ್ದು ಆ ಕೆಲಸ ಒಂದೇ.

ಹೀಗಿರುವಾಗ ಒಂದು ಬೆಳಿಗ್ಗೆ, ಒಲೆಯ ಮೇಲೆ ಗಂಜಿ ಕುದಿಯುತ್ತಿರುವಾಗ, ಗಣಪಯ್ಯಾಚಾರರು ಅಂಗಳದಲ್ಲಿ ಬಂದು ನಿಂತರು. ಒಂಟಿಕಾಲಿನಲ್ಲೇ.

"ಹ್ವಾಯ್ ಟೀಚ್ರೆ, ಹೊರ್ಗ್ ಬನ್ನಿ. ಒಂದ್ ಕಾಲ್ ಮೇಲೆ ನಿಲ್ಲಿ ಕಾಂಬ."

"ಎಂತಕೆ?"

"ಎರಡ್ ಕಾಲ್ ಮೇಲೆ ನಿಂತ್ ಬಿದ್ದ್ ಆಯ್ತಲ್ದಾ."

ಬಯ್ಯಬೇಕೆಂದು ಹೊರಗೆ ಬಂದವಳು ಏಕೋ ನಿಂತೆ. ಕಾಲೆತ್ತಿದ ಕೂಡಲೇ ಕೈ ತಾನಾಗಿ ಗೋಡೆಗೆ ಹೋಯಿತು. "ಗೋಡೆ ಮುಟ್ರೆ ಅದ್ ಮರ ಅಲ್ಲ, ಬಳ್ಳಿ," ಎಂದರು. ಮರುದಿನ ಸುತ್ತಿಗೆ ತಂದು, ಒಂದು ಮಾತು ಕೇಳದೆ, ಚೌತಿಗೆಂದು ಸುಣ್ಣ ಬಳಿದಿದ್ದ ನಮ್ಮ ಜಗಲಿಯ ಕಂಬಕ್ಕೆ ದೋಣಿಯ ತಾಮ್ರದ ಆಣಿ ಹೊಡೆದರು. ಸುಣ್ಣದ ಚಕ್ಕೆ ಅಂಗೈಯಷ್ಟು ಉದುರಿತು. ನಿಂತಾಗ ನಾನು ನೋಡಬೇಕಾದದ್ದು ಆ ಆಣಿಯನ್ನು, ಕಾಲನ್ನಲ್ಲ.

ಬಳಿಕ ಎಂಟು ತಿಂಗಳು ಇದೇ ಕಥೆ. ಬೆಳಿಗ್ಗೆ ಏಳಕ್ಕೆ ಹಾಜರು. ಪಾದವನ್ನು ಮೊಣಕಾಲಿಗೇ ಒತ್ತಿ ಇಡಬಾರದು, ಅದಕ್ಕಿಂತ ಮೇಲೆ ಇಡಬೇಕು ಅಥವಾ ಕೆಳಗೆ. ಪಾದ ತೊಡೆಯನ್ನು ಎಷ್ಟು ಒತ್ತುತ್ತದೋ ತೊಡೆ ಪಾದವನ್ನು ಅಷ್ಟೇ ಒತ್ತಬೇಕು. "ಎರಡ್ ಹಲ್ಗಿ ಸೇರ್ಸೂದ್ ಹಾಂಗೆಯೇ. ಒಂದೇ ಒತ್ರೆ ಸೇರಿಕೆ ಬಿಡತ್ತ್," ಎಂಬ ವಿವರಣೆ ಬೇರೆ. ನಾನು ನಡುಗಿದರೆ ಅವರಿಗೆ ಖುಷಿ. ನಡುಗದೆ ಬಿಗಿಯಾಗಿ ನಿಂತರೆ ಸಿಟ್ಟು. "ಮರ ಅಲುಗೂದಿಲ್ಲ ಅಂದ್ಕಂಡಿರ್ಯಾ? ಗಾಳಿ ಬಂದ್ರೆ ತುದಿ ಅಲುಗತ್ತ್, ಬುಡ ಹಿಡ್ಕಂತ್ತ್. ನೀವ್ ಬುಡ ಬಿಟ್ಟ್ ತುದಿ ಹಿಡ್ಕಂಬುಕೆ ಹೋತ್ರಿ." ಗಂಜಿ ಎಷ್ಟು ಸಲ ತಳ ಹಿಡಿಯಿತೋ ಲೆಕ್ಕವಿಲ್ಲ. ಅತ್ತೆ ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ, "ನಮ್ಮ ಮನಿಯಗೆ ಈಗ ಎರಡ್ ಕೊಕ್ಕರೆ," ಎಂದು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದರು.

ಸಾಕಪ್ಪ ಎನಿಸಿ ನಾನೇ ಒಂದು ಉಪಾಯ ಮಾಡಿದೆ. ಅಂಗನವಾಡಿಯಲ್ಲಿ ತಾಯಂದಿರ ಸಭೆ ಇತ್ತು, ಮೇಡಂ ಬರುವವರಿದ್ದರು. ಆಚಾರರನ್ನು ಅಲ್ಲಿಗೆ ಕರೆದರೆ ಅವರ ಗಮನ ಬೇರೆಯವರ ಕಡೆ ತಿರುಗೀತು, ಮೇಡಂ ಎದುರು ನನಗೂ ಒಂದು ಹೆಸರು ಬಂದೀತು ಎಂದುಕೊಂಡೆ. ನನ್ನ ಬುದ್ಧಿಗೆ ಏನು ಹೇಳುವುದು. ಮೇಡಂ ಬಹಳ ಪ್ರೀತಿಯಿಂದ, "ಯೋಗದಿಂದ ಶುಗರ್ ಕಡಿಮೆ ಆಗುತ್ತದಂತೆ, ಅದಕ್ಕೊಂದು ಆಸನ ಹೇಳಿಕೊಡಿ," ಎಂದರು. ಆಚಾರರು ಅವರ ಕೈಯಲ್ಲಿದ್ದ ಚಹಾ ಲೋಟವನ್ನು ನೋಡಿದರು.

"ಸಕ್ರಿ ಹಾಕ್ದೆ ಕುಡೀರಿ. ಅದ್ಕೆ ಆಸನ ಎಂತಕೆ? ನನ್ಗೆ ಬಪ್ಪುದ್ ಒಂದೇ. ಏಳಿ, ನಿಲ್ಲಿ."

ಮೇಡಂ ಎದ್ದು ನಿಂತರು. ಕಾಲೂ ಎತ್ತಿದರು. ಹೆಗಲಿನ ಚೀಲ ಜಾರಿತು, ಹಿಡಿಯಲು ಬಾಗಿದರು, ಬಾಗಿದವರು ಹಾಗೆಯೇ ಹೋಗಿ ಪುಷ್ಟಿಪುಡಿಯ ಮೂಟೆಗಳ ಮೇಲೆ ಕುಳಿತರು. ಮೂವತ್ತು ಜನ ತಾಯಂದಿರು ಸೆರಗು ಬಾಯಿಗೆ ಇಟ್ಟುಕೊಂಡರು. ಆಚಾರರು ಮಾತ್ರ ನಗಲಿಲ್ಲ. "ಚೀಲ ಬಿದ್ರೆ ಬೀಳ್ಲಿ ಅನ್ಕ್," ಎಂದು ಗಂಭೀರವಾಗಿ ತಿದ್ದಿದರು. ಮೇಡಂ ಜೀಪು ಹತ್ತುವಾಗ ನನ್ನ ಕಡೆ ತಿರುಗಿ, "ಜೂನ್ ಒಂದನೇ ತಾರೀಕಿನಿಂದ ಒಂಬತ್ತೂವರೆಗೆ ಬಾಗಿಲು ತೆಗೆದಿರಬೇಕು, ನಾನೇ ಬಂದು ನೋಡುತ್ತೇನೆ," ಎಂದರು. ಅಂದು ನಾನು ಮನೆಗೆ ಬಂದು ಅತ್ತುಬಿಟ್ಟೆ. ಮರುದಿನ ಏಳಕ್ಕೆ ಆಚಾರರು ಹಾಜರು.

ಮೇ ಕೊನೆಗೆ ಹೊಸ ಸಂಕ ಬಂತು. ನೋಡಿದರೆ ಕೈತಾಂಗೇ ಇಲ್ಲ. ಓಡಿಹೋಗಿ ಕೇಳಿದೆ.

"ಕಟ್ಟೂದಿಲ್ಲ," ಎಂದರು. "ಹಿಡ್ಕಂಬುಕೆ ಒಂದ್ ಇದ್ರೆ ನೀವ್ ಅದ್ನೇ ನಂಬ್ತ್ರಿ. ಹೋದ್ ವರ್ಷ ನಂಬಿ ಬಿದ್ದದ್ ಸಾಕಲ್ದಾ?"

ಬಿದ್ದದ್ದು ನನ್ನದೇ ತಪ್ಪು ಎನ್ನುವ ಹಾಗೆ. ಕೈ ಮುಗಿದೆ, ಬೈದೆ, ಅತ್ತೆಯಿಂದ ಹೇಳಿಸಿದೆ. ಆ ಮನುಷ್ಯ ಜಗ್ಗಲಿಲ್ಲ. ಬದಲಿಗೆ ಆಚೆ ದಡದ ಹೊನ್ನೆ ಮರಕ್ಕೆ ಒಂದು ತಾಮ್ರದ ಆಣಿ ಹೊಡೆದು, ಅದಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟಿ ಬಂದರು.

ಜೂನ್ ಒಂದರ ಬೆಳಿಗ್ಗೆ ಮಳೆ ಹೊಯ್ಯುತ್ತಿತ್ತು. ತೋಡು ಕೆಂಪಗೆ ತುಂಬಿ ಹರಿಯುತ್ತಿತ್ತು. ಆಚಾರರು ಆಚೆ ದಡದಲ್ಲಿ, ಹೊನ್ನೆ ಮರದ ಬುಡದಲ್ಲಿ, ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಎಡಗಾಲಿನ ಮೇಲೆ ನಿಂತಿದ್ದರು. ನಾನು ಕೆಂಪು ಬಟ್ಟೆಯನ್ನು ನೋಡಿದೆ. ಒಂದು ಹೆಜ್ಜೆ ಇಟ್ಟೆ. ಎರಡು ಇಟ್ಟೆ. ನಡುವೆ ಬಂದಾಗ ಇಡೀ ಮೈ ಅಲುಗಿತು. ಕಾಲಬೆರಳು ಕಾಂಡವನ್ನು ಹಿಡಿದುಕೊಂಡಿತು. ಎಂಟು ತಿಂಗಳು ಬಯ್ಯಿಸಿಕೊಂಡದ್ದು ಈ ಒಂದು ಗಳಿಗೆಗೆ ಎಂದು ಅಲ್ಲೇ ಗೊತ್ತಾಯಿತು. ದಾಟಿದೆ. ಒಂದು ಒಳ್ಳೆಯ ಮಾತು ಬಂದೀತೆಂದು ಅವರ ಮುಖ ನೋಡಿದೆ.

"ಎಡಗಾಲ್ ಸಮಾ ಊರೂದಿಲ್ಲ ನೀವ್," ಎಂದರು.

ಒಂಬತ್ತೂಕಾಲಿಗೆ ಬಾಗಿಲು ತೆಗೆದೆ. ಮೇಡಂ ಬಂದರು, ನೋಡಿದರು, ಹೋದರು. ಕೆಲಸ ಉಳಿಯಿತು. ಕೈತಾಂಗು ಇಲ್ಲದ ಆ ಸಂಕವನ್ನು ಆಮೇಲೆ ವರ್ಷಾನುಗಟ್ಟಲೆ ದಾಟಿದೆ, ಪ್ರತಿ ಸಲವೂ ಆಚಾರರನ್ನು ಮನಸ್ಸಿನಲ್ಲಿ ಬೈದುಕೊಂಡು.

ಅವರನ್ನು ಕೊನೆಯ ಸಲ ಕಂಡದ್ದು ಎರಡು ಸಾವಿರದ ಒಂಬತ್ತರ ಸೆಪ್ಟೆಂಬರಿನಲ್ಲಿ. ಮಧ್ಯಾಹ್ನ ಅಂಗನವಾಡಿ ಮುಗಿಸಿ ಬರುವಾಗ ಅವರು ಹೊನ್ನೆ ಮರದ ಬುಡದಲ್ಲಿದ್ದರು. ಯಾರದೋ ಮನೆಯ ಬಾಗಿಲು ಕೂರಿಸಲು ಬಂದವರು ಹಿಂದಕ್ಕೆ ಹೊರಟಿದ್ದರು, ಕೈಯಲ್ಲಿ ಉಳಿ, ಸುತ್ತಿಗೆಯ ಚೀಲ. ಏನೋ ಸರಿಯಿಲ್ಲ ಅನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ಎರಡೂ ಪಾದ ನೆಲದ ಮೇಲಿತ್ತು.

"ಕೆಮಿ ಒಳ್ಗೆ ಎಂತದೋ ಹಾಳಾಯ್ತ್ ಅಂಬ್ರ್ ಡಾಕ್ಟ್ರ್," ಎಂದರು ಕಿವಿ ಮುಟ್ಟಿಕೊಂಡು. "ತಲಿ ತಿರ್ಗತ್ತ್. ಬೆಳಿಗ್ಗೆ ಹ್ಯಾಂಗೋ ದಾಂಟಿ ಬಂದೆ. ಈಗ ಆಪುದಿಲ್ಲ."

"ನಾನ್ ಮುಂದೆ ಹೋತೆ. ನನ್ನ ಹೆಗ್ಲ್ ಹಿಡ್ಕಣಿ."

ಅವರು ಹಿಡಿಯಲಿಲ್ಲ. ತೋಡನ್ನೇ ನೋಡುತ್ತ ಹೇಳಿದರು:

"ಟೀಚ್ರೆ, ಆ ವರ್ಷದ್ ಕೈತಾಂಗಿನ್ ಬಿದ್ರ್ ನಾನ್ ಬೆಳ್ದಿಂಗಳ ಪಕ್ಷದಗೆ ಕಡದ್ದ್. ಬ್ರಹ್ಮಾವರದಗೆ ಒಂದ್ ಮನಿ ಬಾಗ್ಲ್ ಕೆಲ್ಸ ಒಪ್ಕಂಡಿದ್ದೆ, ಗಡಿಬಿಡಿ. ಹುಳ ಹೊಡ್ದದ್ ಕಂಡಿದ್ದೆ. ಈ ಮಳಿಗಾಲ ಒಂದ್ ತಡಿತ್ತ್ ಅಂದ್ಕಂಡೆ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೈ ಉರಿಯಿತು. ಆರು ವರ್ಷ ನನ್ನ ಭಾರಕ್ಕೆ ಮುರಿಯಿತೆಂದು ಊರು ನಕ್ಕಿದೆ. ಆರು ವರ್ಷ ರಾತ್ರಿ ಅನ್ನ ತಿಂದಿಲ್ಲ. ಈ ಮನುಷ್ಯ ದಿನಾ ಬೆಳಿಗ್ಗೆ ಬಂದು, ನಂಬಿದ್ದು ನಿಮ್ಮ ತಪ್ಪು ಎಂದು ನನಗೇ ಪಾಠ ಹೇಳಿದ್ದಾನೆ.

"ಇದ್ನ ಹೇಳುಕೆ ಆರ್ ವರ್ಷ ಬೇಕಾಯ್ತಾ ನಿಮ್ಗೆ?" ಎಂದೆ.

"ಆಗ್ಳೇ ಹೇಳಿರೆ ನೀವ್ ನನ್ನ ಅಂಗಳಕ್ಕೆ ಸೇರ್ಸ್ತಿದ್ರ್ಯಾ? ನಿಮ್ಮನ್ನ ದಾಂಟ್ಸೂದ್ ಯಾರ್?"

ಆ ಮಾತು ನಿಜವಾದ್ದರಿಂದ ಇನ್ನಷ್ಟು ಸಿಟ್ಟು ಬಂತು. "ಹಿಡ್ಕಣಿ ಅಂದೆ ಅಲ್ದಾ," ಎಂದು ಗದರಿ, ಚೀಲ ಕಿತ್ತುಕೊಂಡು ಸಂಕದ ಮೇಲೆ ಕಾಲಿಟ್ಟೆ. ಹಿಂದಿನಿಂದ ಅವರ ಎರಡು ಕೈ ನನ್ನ ಹೆಗಲಿಗೆ ಬಂತು. ಅವರು ನಡುಗುತ್ತಿದ್ದರು. ಆ ನಡುಕ ನನ್ನ ಕಾಲಿನವರೆಗೆ ಇಳಿಯಿತು. ಹೆಬ್ಬೆರಳು ಬಲ ಹೆಗಲಿನ ಎಲುಬಿಗೆ ಒತ್ತಿ ನೋಯುತ್ತಿತ್ತು. ನಡುವೆ ಬಂದಾಗ ಒಂದು ಸಲ ಹಿಂದಕ್ಕೆ ತಿರುಗಲು ಹೋದೆ.

"ನನ್ನ ಕಾಂಬುದ್ ಬೇಡ. ಮುಂದೆ ಕಾಣಿ," ಎಂದರು.

ಈಚೆ ದಡ ಮುಟ್ಟಿದ ಮೇಲೆ ಕೈ ತೆಗೆದು, "ಬಳ್ಳಿ ಆದೆ ಕಾಣಿ," ಎಂದರು. ನನ್ನ ಮುಖವನ್ನು ನೋಡಿದರು. ಏನೋ ಒಂದು ಮಾತಿಗೆ ಕಾಯುತ್ತಿದ್ದರು. ನಾನು ಚೀಲವನ್ನು ಅವರ ಕೈಗೆ ಕೊಟ್ಟು ತಿರುಗಿ ನೋಡದೆ ಮನೆಗೆ ನಡೆದೆ. ಅಂದು ರಾತ್ರಿ ಹೊಟ್ಟೆ ತುಂಬ ಅನ್ನ ಉಂಡೆ, ಸಿಟ್ಟಿನಲ್ಲೇ.

ಅವರು ಮತ್ತೆ ನಮ್ಮ ಅಂಗಳಕ್ಕೆ ಬರಲಿಲ್ಲ. ನಾಳೆ ಹೋಗಿ ಮಾತಾಡಿಸಿದರಾಯಿತು ಎಂದುಕೊಂಡು ನಾನೂ ದಿನ ದೂಡಿದೆ. ದೀಪಾವಳಿ ಕಳೆದು ವಾರಕ್ಕೆ ಅವರು ತೀರಿಕೊಂಡ ಸುದ್ದಿ ಬಂತು. ಸುದ್ದಿ ತಂದವರು ಇನ್ನೂ ಮಾತು ಮುಗಿಸಿರಲಿಲ್ಲ, ನನ್ನ ಕೈ ಬಲ ಹೆಗಲಿಗೆ ಹೋಗಿತ್ತು. ನಾನು ಹೋದಾಗ ಅವರ ಅಂಗಳದಲ್ಲಿ ಜನರೆಲ್ಲ ಎರಡೂ ಕಾಲೂರಿ ನಿಂತಿದ್ದರು. ಅಂದು ತೋಡಿನ ದಡದಲ್ಲಿ ಆಚಾರರು ಕಾದು ನಿಂತಿದ್ದ ಮಾತು ದೊಡ್ಡದೇನಲ್ಲ, "ಆಯ್ತ್ ಬಿಡಿ ಆಚಾರ್ರೆ" ಅಂದಿದ್ದರೆ ಸಾಕಿತ್ತು. ಅದನ್ನು ಅವರ ಕಾಲಿನ ಬಳಿ ನಿಂತು ಮೆಲ್ಲಗೆ ಹೇಳಿದೆ, ಅವರಿಗೆ ಕೇಳುವ ಕಾಲ ಮುಗಿದ ಮೇಲೆ.