ಸೇತುವೆಯ ಏರಿನಲ್ಲಿ ಬಿದ್ದ ಶೂ

ಸೈಕಲ್ಲನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಮಕ್ಕಳಿರಲಿಲ್ಲವೆಂದು ನನ್ನ ಗಟ್ಟಿ ನಂಬಿಕೆ. ಗಂಟೆಗೆ ಜಾಗ ಇಟ್ಟಿದ್ದಾನೆ, ಬೀಗಕ್ಕೆ ಇಟ್ಟಿದ್ದಾನೆ, ಗಾಳಿ ಹೊಡೆಯುವ ಪಂಪಿಗೂ ಇಟ್ಟಿದ್ದಾನೆ. ಮಗು ಕಾಲೆಲ್ಲಿಡಬೇಕು ಎಂಬುದನ್ನು ಮಾತ್ರ ಯೋಚಿಸಿಲ್ಲ. ಆ ಕೊರತೆ ತುಂಬಿದವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ತಮಿಳು ಸೀಮೆಯ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಲೇತ್ ಓಡಿಸುತ್ತಿದ್ದೇನೆ. ಕಬ್ಬಿಣ ನನ್ನ ಮಾತು ಕೇಳುತ್ತದೆ. ನಾಲ್ಕು ವರ್ಷದ ಮಗ ಮುಕುಂದನಿಗೆ ಮುಂದಿನ ಬಾರಿನ ಮೇಲೆ ಪುಟ್ಟ ಸೀಟು. ಎಂಟು ವರ್ಷದ ಮಗಳು ನಿತ್ಯಾಳಿಗೆ ಹಿಂದೆ ಕ್ಯಾರಿಯರ್ ಮೇಲೆ ದಿಂಬು, ಕಾಲಿಡಲು ಎರಡು ಗೂಟ, ಪಾದ ಚಕ್ರಕ್ಕೆ ಸಿಕ್ಕದಂತೆ ಜಾಲರಿ. ಎಲ್ಲವೂ ನನ್ನ ಕೈಕೆಲಸ.

"ಸ್ಕೂಲ್ ವ್ಯಾನಿಗೆ ಹಾಕೋಣ ರೀ" ಎಂದು ಹೆಂಡತಿ ಅಂದಾಗ ನನಗೆ ಸಿಟ್ಟೇ ಬಂದಿತ್ತು. "ಯಾಕೆ, ನನ್ನ ಕಾಲಿಗೇನಾಗಿದೆ?" ಎಂದಿದ್ದೆ. ಆ ಕಾಲುಗಳ ಬಗ್ಗೆ ನನಗೆ ಜಂಭ. ಮನೆಗೂ ಶಾಲೆಗೂ ನಡುವೆ ಒಂದು ರೈಲ್ವೆ ಸೇತುವೆಯಿದೆ. ಅದರ ಏರಿನಲ್ಲಿ ತಮ್ಮ ಹೊಟ್ಟೆಯನ್ನಷ್ಟೇ ಹೊತ್ತುಬಂದವರೂ ಸೈಕಲ್ಲಿನಿಂದ ಇಳಿದು ತಳ್ಳುತ್ತಾರೆ. ನಾನು ಇಬ್ಬರು ಮಕ್ಕಳು, ಎರಡು ಚೀಲ, ಮೂರು ಊಟದ ಡಬ್ಬಿ ಸಮೇತ ಒಂದು ದಿನವೂ ಇಳಿದವನಲ್ಲ.

ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ನಿತ್ಯಾ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಸೈಕಲ್ ಹತ್ತಿದರೆ ಮಾತ್ರ ಅಪ್ಪಟ ಕನ್ನಡತಿ. ಕಾರಣ ದೊಡ್ಡದೇನಲ್ಲ, ರಸ್ತೆಯ ಜನಕ್ಕೆ ಕನ್ನಡ ತಿಳಿಯುವುದಿಲ್ಲ. "ಅಪ್ಪಾ, ಆ ಮಾಮನ ಮೀಸೆ ಶೂ ಬ್ರಷ್ ಥರ ಇದೆ." "ಅಪ್ಪಾ, ಕ್ರೇನಿಗೆ ಕತ್ತು ನೋಯಲ್ವಾ?" ನನ್ನ ಬೆನ್ನಿಗೆ ಕೆನ್ನೆ ಒತ್ತಿ ಇಪ್ಪತ್ತು ನಿಮಿಷ ಇದೇ ಪಾಠ.

ಒಂದು ಬೆಳಿಗ್ಗೆ ಅವಳಿಗೆ ಉತ್ತರ ಹೇಳಲು ಹಿಂದೆ ತಿರುಗಿದೆ. ನನ್ನ ಜೊತೆ ಹ್ಯಾಂಡಲ್ಲೂ ತಿರುಗಿತು. ಕಂಟೇನರ್ ಲಾರಿಯೊಂದು ಮೊಣಕೈಗೆ ಗಾಳಿ ಬೀಸಿಕೊಂಡು ಹೋಯಿತು. ಸೈಕಲ್ ನಿಲ್ಲಿಸಿ ಅಲ್ಲೇ ಕಾನೂನು ಮಾಡಿದೆ: "ಸೈಕಲ್ ಓಡ್ತಿರೋವಾಗ ಇಬ್ರೂ ತುಟಿ ಬಿಚ್ಚಬಾರ್ದು!" ಯಂತ್ರ ತಿರುಗುವಾಗ ಮಾತಾಡಬಾರದು ಎಂಬುದು ನಮ್ಮ ಕಾರ್ಖಾನೆಯ ಮೊದಲ ಪಾಠ. ಅದನ್ನೇ ಮಕ್ಕಳಿಗೂ ಹಚ್ಚಿದೆ.

ಮುಕುಂದ ಎರಡೇ ದಿನದಲ್ಲಿ ಮರೆತ. ನಿತ್ಯಾ ಮರೆಯಲಿಲ್ಲ.

ಅದಾಗಿ ಒಂದು ವಾರಕ್ಕೆ, ಸೇತುವೆಯ ಏರಿನಲ್ಲಿ ನಾನು ಹಲ್ಲು ಕಚ್ಚಿ ತುಳಿಯುತ್ತಿದ್ದಾಗ ಅವಳು ನನ್ನ ಬೆನ್ನು ತಟ್ಟತೊಡಗಿದಳು. ಅಪ್ಪನಿಗೆ ಶಹಬ್ಬಾಸ್ ಹೇಳುತ್ತಿದ್ದಾಳೆಂದು ಹಿಗ್ಗಿ ಇನ್ನೂ ಜೋರಾಗಿ ತುಳಿದೆ. ಅವಳು ಇನ್ನೂ ಜೋರಾಗಿ ತಟ್ಟಿದಳು. ಆ ದಿನ ಹತ್ತಿದಷ್ಟು ವೇಗವಾಗಿ ಆ ಸೇತುವೆಯನ್ನು ನಾನೆಂದೂ ಹತ್ತಿಲ್ಲ.

ಶಾಲೆಯ ಗೇಟಿನಲ್ಲಿ ಅವಳನ್ನು ಇಳಿಸಿದಾಗ ವಾಚ್‌ಮನ್ ನಕ್ಕ. "ಎನ್ನ ಸಾರ್, ಪಾಪಾವುಕ್ಕು ಒರು ಶೂ ದಾನಾ?" ಮಗುವಿಗೆ ಒಂದೇ ಶೂನಾ ಎಂದು. ನೋಡಿದರೆ ನಿಜ, ಒಂದೇ ಕಾಲಿನಲ್ಲಿ ಶೂ. ಕಾರುಗಳಿಂದ ಇಳಿಯುತ್ತಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನನಗೆ ಅವಮಾನ ತಡೆಯಲಾಗಲಿಲ್ಲ.

"ಎಮ್ಮೆ ಥರ ಕೂತಿದ್ಯಲ್ಲೇ! ಬಿತ್ತು ಅಂತ ಹೇಳಕ್ಕೆ ಬಾಯಿರ್ಲಿಲ್ವಾ?"

"ನೀಂಗದಾನೇ ಪೇಸಕ್ಕೂಡಾದುನ್ನು ಸೊನ್ನೀಂಗ" ಎಂದಳು. ನೀವೇ ತಾನೇ ಮಾತಾಡಬಾರದು ಅಂದದ್ದು. ಅಳಲಿಲ್ಲ. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಕಾಲುಚೀಲ ಹಾಕಿಕೊಂಡು ಒಳಗೆ ನಡೆದುಬಿಟ್ಟಳು. ಸೇತುವೆಗೆ ವಾಪಸು ಹೋದೆ. ಯಾವುದೋ ಲಾರಿಯ ಚಕ್ರಕ್ಕೆ ಸಿಕ್ಕಿ ಶೂ ಹಪ್ಪಳವಾಗಿತ್ತು.

ಹೊಸ ಶೂ ಬಂತು. ಕಾನೂನನ್ನೂ ರದ್ದು ಮಾಡಿದೆ. "ಮಾತಾಡಮ್ಮ, ನಾನು ತಿರುಗದೇನೇ ಕೇಳಿಸ್ಕೋತೀನಿ" ಎಂದೆ. "ಏನು ಮಾತಾಡ್ಲಿ?" ಎಂದಳು, ಅಷ್ಟೇ. ಬೆನ್ನಿಗೆ ಕೆನ್ನೆಯೂ ಇಲ್ಲ. ಹಿಂದೆ ಕೂತ ಮಗುವಿನ ಮುಖ ಸೈಕಲ್ ತುಳಿಯುವವನಿಗೆ ಕಾಣುವುದಿಲ್ಲ. ದನಿ ನಿಂತರೆ ಉಳಿಯುವುದು ಭಾರ ಒಂದೇ. ಎರಡು ತಿಂಗಳು ನಾನು ಬರೀ ಭಾರ ಹೊತ್ತೆ.

ಕಡೆಗೆ ಒಂದು ಬೆಳಿಗ್ಗೆ ಸೇತುವೆಯ ಬುಡದಲ್ಲಿ ಇಳಿದೆ.

"ಯಾಕಪ್ಪಾ?"

"ಗಾಳಿ ಕಮ್ಮಿ ಇದೆ. ನೀನು ಇಳೀಬೇಡ, ತಳ್ತೀನಿ."

ಅವಳು ಬಾಗಿ, ನಾನು ಕಲಿಸಿದಂತೆಯೇ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಸುಳ್ಳು. ಕಲ್ಲು ಥರ ಇದೆ." ಮತ್ತೆ ನೆಟ್ಟಗೆ ಕೂತಳು. ಆಮೇಲೆ, "ತಳ್ಳೋವಾಗ ಮಾತಾಡ್ಬಹುದಾ?"

ಏರು ಮುಗಿಯುವುದರೊಳಗೆ ಅವಳ ಕ್ಲಾಸಿನ ಅರ್ಧ ಜನರ ಕಥೆ ಕೇಳಿದೆ. ಆಚೆ ಬದಿಯ ಇಳಿಜಾರಿನಲ್ಲಿ ನಾನು ಸೈಕಲ್ ಹತ್ತಿದೆನೋ ಇಲ್ಲವೋ, ಕಥೆ ನಡುವಿನಲ್ಲೇ ನಿಂತಿತು. ನಾನು ರದ್ದು ಮಾಡಿದ್ದು ನನ್ನ ಕಾನೂನನ್ನು. ಅವಳದು ಇನ್ನೂ ಜಾರಿಯಲ್ಲಿದೆ.

ಈಗ ಕಾಲು ಗಂಟೆ ಮುಂಚೆ ಹೊರಡುತ್ತೇವೆ. ಏರಿನಲ್ಲಿ ತಳ್ಳುತ್ತೇನೆ. ಇಳಿಜಾರಿನಲ್ಲೂ ಬ್ರೇಕ್ ಹಿಡಿದುಕೊಂಡು ತಳ್ಳುತ್ತಲೇ ಇಳಿಯುತ್ತೇನೆ. ನನ್ನನ್ನು ದಾಟಿ ಹೋಗುವವರು ಅಯ್ಯೋ ಪಾಪ ಎಂಬಂತೆ ನೋಡಿ, "ಪಂಚರಾ ಅಣ್ಣಾ?" ಎಂದು ಕೇಳುತ್ತಾರೆ. "ಆಮಾ" ಎಂದು ಹೂಂಗುಟ್ಟುತ್ತೇನೆ. ಹಿಂದಿನಿಂದ ಕನ್ನಡದಲ್ಲಿ ಅವರ ಮೀಸೆಯ ವರ್ಣನೆ ಶುರುವಾಗುತ್ತದೆ.