ಗುಡಿಸಿದ ಗುಡ್ಡೆ

ನನ್ನ ಅಮ್ಮನಿಗೆ ಒಂದು ಜಂಬವಿತ್ತು. ಕುಂಬ್ಡಾಜೆಯಲ್ಲಿ ಅವಳಷ್ಟು ಚೊಕ್ಕವಾಗಿ ಗುಡ್ಡೆ ಗುಡಿಸುವವರು ಇನ್ನೊಬ್ಬರಿಲ್ಲ ಎಂಬ ಜಂಬ. ಅಂಗಳವಲ್ಲ, ಗುಡ್ಡೆ. ಬೇಸಗೆಯಲ್ಲಿ ಮನೆಯ ಹಿಂದಿನ ಗುಡ್ಡೆಯಲ್ಲಿ ಉದುರಿದ ತರಗೆಲೆಯನ್ನೆಲ್ಲ ಪೊರಕೆಯಿಂದ ಒಟ್ಟು ಮಾಡಿ, ದೊಡ್ಡ ಬುಟ್ಟಿಯಲ್ಲಿ ತುಳಿದು ತುಂಬಿಸಿ, ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಮಳೆಗಾಲದಲ್ಲಿ ಹಸಿ ಸೊಪ್ಪು. ಎಲ್ಲವೂ ಹಟ್ಟಿಗೆ, ದನಗಳ ಕಾಲಡಿಗೆ. ಅದು ಗೊಬ್ಬರವಾಗಿ ಗದ್ದೆಗೆ ಹೋದರೆ, ಗದ್ದೆಯಿಂದ ಬೈಹುಲ್ಲು ದನಕ್ಕೆ, ಅಕ್ಕಿ ನಮಗೆ. ಗಂಜಿ ಉಣ್ಣುತ್ತಿದ್ದೇವೆ ಎಂದುಕೊಂಡಿದ್ದೆವು. ಉಣ್ಣುತ್ತಿದ್ದದ್ದು ಗುಡ್ಡೆಯನ್ನು.

ಗದ್ದೆಗೆ ನೀರು ಬರುತ್ತಿದ್ದದ್ದೂ ಅದರ ಒಳಗಿನಿಂದಲೇ. ಗುಡ್ಡೆಯ ಬುಡದಲ್ಲಿ ಅಜ್ಜ ಅಡ್ಡಕ್ಕೆ ಕೊರೆಸಿದ್ದ ಸುರಂಗವಿತ್ತು, ಬಗ್ಗಿ ನಡೆಯುವಷ್ಟು ಎತ್ತರದ್ದು. ಅದರ ಕೊನೆಯಲ್ಲಿ ಒಸರುವ ನೀರು ಹೊರಗಿನ ಸಣ್ಣ ಕೆರೆಗೆ ಬೀಳುತ್ತಿತ್ತು. ಆ ನೀರಿದ್ದರೆ ಮಳೆ ನಿಂತ ಮೇಲೂ ಎರಡನೆಯದಾಗಿ ಸುಗ್ಗಿ ಬೆಳೆ ಉಂಟು. ಇಲ್ಲದಿದ್ದರೆ ಅರ್ಧ ವರ್ಷ ಅರ್ಧ ಹೊಟ್ಟೆ.

ಎರಡನೇ ಮಹಾಯುದ್ಧ ಬಂತು, ಹೊರದೇಶದಿಂದ ಬರುತ್ತಿದ್ದ ಅಕ್ಕಿ ನಿಂತಿತು. ಇದ್ದ ಗದ್ದೆಯಲ್ಲೇ ಹೆಚ್ಚು ಬೆಳೆಯಬೇಕೆಂದು ಅಮ್ಮನಿಗೆ ಹಟ ಹತ್ತಿತು. ತರಗೆಲೆ ಸಾಲದೆ ಗುಡ್ಡೆಯ ಮೇಲ್ಮಣ್ಣನ್ನೂ ಕೆರೆದಳು. ಎರಡನ್ನೂ ರಾಶಿ ಹಾಕಿ, ಬೆಂಕಿ ಕೊಟ್ಟು, ಸುಡುಮಣ್ಣು ಮಾಡಿ ಗದ್ದೆಗೆ ಹಾಕಿದಳು. ಆ ವರ್ಷದ ಪೈರಿಗೆ ದಾರಿಹೋಕರ ದೃಷ್ಟಿ ತಾಗಬೇಕು, ಹಾಗಿತ್ತು.

ಹೊಸ ಅಕ್ಕಿ ಊಟದ ದಿನ ಅಮ್ಮ ಯಾರನ್ನೂ ಮರೆಯಲಿಲ್ಲ. ಸತ್ತ ಹಿರಿಯರಿಗೆ ಬಡಿಸಿದಳು, ದೈವಕ್ಕೆ ಇಟ್ಟಳು, ದನಕ್ಕೆ ಕೊಟ್ಟಳು, ಕಾಗೆಯನ್ನೂ ಕರೆದಳು. ಊಟಕ್ಕೆ ಕೂತ ಅಪ್ಪ ಹಿಂದಿನ ಬಾಗಿಲ ಕಡೆ ನೋಡಿ ಹೇಳಿದರು:

"ಗುಡ್ಡೆಗೂ ಸ್ವಲ್ಪ ಬಿಡು ಮಾರಾಯ್ತಿ. ಕಲ್ಲು ಕಾಣ್ತಾ ಉಂಟು."

"ಅದಕ್ಕೆ ಎಂತಕ್ಕೆ? ಅದಕ್ಕೆ ಹೊಟ್ಟೆ ಉಂಟಾ?"

ನಾವೆಲ್ಲ ನಕ್ಕೆವು.

ಮತ್ತೆರಡು ಮಳೆಗಾಲದಲ್ಲಿ ಉಳಿದ ಮಣ್ಣು ಕೊಚ್ಚಿಹೋಯಿತು, ಒಣಗಿದ ಗಿಡಮರ ಒಲೆ ಸೇರಿತು, ಗುಡ್ಡೆಯ ಮೈಯಲ್ಲಿ ಮುರಕಲ್ಲು ಮಾತ್ರ ಉಳಿಯಿತು. ಬಿದ್ದ ಮಳೆ ಇಂಗದೆ ಜಾರಿಹೋಗುತ್ತಿತ್ತು. ಸುರಂಗದ ನೀರು ನೂಲಿನಷ್ಟಾಯಿತು, ಆಮೇಲೆ ತೊಟ್ಟಿಕ್ಕಿತು, ಒಂದು ಬೇಸಗೆ ನಿಂತೇಹೋಯಿತು. ಅಪ್ಪ ಆಳು ಕರೆಸಿ ಇನ್ನೂ ಒಳಕ್ಕೆ ಕೊರೆಸಿದರು. ಹೊರಬಂದದ್ದು ಧೂಳು. ಸುಗ್ಗಿ ಬೆಳೆ ಹೋಯಿತು, ಅದರೊಂದಿಗೆ ಬೈಹುಲ್ಲೂ ಹೋಯಿತು. ಹಟ್ಟಿಯಲ್ಲಿ ಎಲುಬು ಎಣಿಸಬಹುದಾದ ಒಂದು ದನ ಉಳಿಯಿತು. ಅಮ್ಮನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ನಮ್ಮ ಹೊಟ್ಟೆಗೆಂದೇ ಅವಳು ಗುಡಿಸಿದ್ದು ಎಂದು ನೆನೆದರೆ ಆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ.

ಆ ವರ್ಷ ಮಳೆಗೆ ಮೊದಲು ಅಮ್ಮ ಹಟ್ಟಿಯಲ್ಲಿದ್ದ ಗೊಬ್ಬರವನ್ನೆಲ್ಲ ಬುಟ್ಟಿಗೆ ತುಂಬಿದಳು. ಗದ್ದೆಗೆ ಇಳಿಯಲಿಲ್ಲ, ಗುಡ್ಡೆ ಹತ್ತಿದಳು. ಅಪ್ಪ ತಡೆಯಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಕಲ್ಲಿನ ಮೇಲೆ ಕೈಯಿಂದ ಹರಡಿ ಬಂದಳು.

ಮೊದಲ ಮಳೆಯೇ ಜೋರಾಗಿ ಹೊಡೆಯಿತು. ಹಿಡಿದು ನಿಲ್ಲಿಸಲು ಅಲ್ಲಿ ಬೇರಿಲ್ಲ, ಮಣ್ಣಿಲ್ಲ. ಗೊಬ್ಬರವೆಲ್ಲ ಕಂದು ನೀರಾಗಿ ಇಳಿದು, ನಮ್ಮ ಅಂಗಳ ದಾಟಿ, ಕೆಳಗೆ ಹರಿಯುವ ತೋಡು ಸೇರಿತು. ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ. ಅಮ್ಮ ಜಗಲಿಯಲ್ಲಿ ನಿಂತು ಎಲ್ಲವನ್ನೂ ನೋಡಿದಳು.

"ಇನ್ನು ಕೊಟ್ರೂ ಅದು ತಕ್ಕೊಳ್ಳುದಿಲ್ಲ," ಎಂದಳು.

ಮರುದಿನ ಗುಡ್ಡೆ ಗುಡಿಸುವ ಪೊರಕೆಯನ್ನು ಮುರಿದು ಒಲೆಗಿಟ್ಟು ಗಂಜಿ ಬೇಯಿಸಿದಳು. ಬೇರೆ ಸೌದೆ ಇರಲಿಲ್ಲ.